ರಟ್ಟಿನಿಂದಲ್ಲ, ಹೊಲಿಗೆಯಿಂದ ನಿಲ್ಲಲಿ ಬಟ್ಟೆಯ ಬುಟ್ಟಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಹಳೆಯ ಸೀರೆ, ಸವೆದ ಜೀನ್ಸ್ ಪ್ಯಾಂಟುಗಳಿಂದ ಮನೆಬಳಕೆಯ ಬುಟ್ಟಿಗಳನ್ನು ಹೊಲಿದುಕೊಳ್ಳುವ ಬಗೆಯನ್ನು ಕುರಿತು ಕಳೆದ ವಾರ ತಮ್ಮ ಪತ್ರಿಕೆಯ ಪುರವಣಿಯಲ್ಲಿ ಬರಹವೊಂದು ಪ್ರಕಟವಾಗಿತ್ತು. ಹೊಲಿಗೆಯ ವಿಷಯಕ್ಕೆ ಅರ್ಧ ಪುಟ ಕೊಟ್ಟದ್ದಕ್ಕೆ ಮೊದಲು ನನ್ನ ಕೃತಜ್ಞತೆ ಸಲ್ಲುತ್ತದೆ. ರವಿಕೆಯ ಕುತ್ತಿಗೆ ವಿನ್ಯಾಸವನ್ನು ಬಿಟ್ಟು ಬೇರೆ ಹೊಲಿಗೆಯ ಬಗ್ಗೆ ಪತ್ರಿಕೆಗಳು ಬರೆಯುವುದೇ ಅಪರೂಪ. ಆದರೆ ಆ ಬರಹದಲ್ಲಿದ್ದ ಒಂದು ಸಲಹೆಯನ್ನು ಓದಿ ಸುಮ್ಮನಿರಲು ನನಗೆ ಸಾಧ್ಯವಾಗಲಿಲ್ಲ. ಎರಡು ಪದರ ಬಟ್ಟೆಯ ನಡುವೆ ರಟ್ಟಿನ ತುಂಡುಗಳನ್ನು ಇಳಿಸಿ ಬಾಯಿ ಹೊಲಿದುಬಿಟ್ಟರೆ ಬುಟ್ಟಿ ನೆಟ್ಟಗೆ ನಿಲ್ಲುತ್ತದೆ ಎಂದು ಅದರಲ್ಲಿ ಬರೆದಿತ್ತು. ನಿಲ್ಲುತ್ತದೆ ನಿಜ, ಆದರೆ ಮೊದಲ ಮಳೆಗಾಲದವರೆಗೆ ಮಾತ್ರ. ಈ ಸಲಹೆಯನ್ನು ನಂಬಿ ತಮ್ಮ ಓದುಗರು ಒಳ್ಳೆಯ ಬಟ್ಟೆಯನ್ನೂ ಎರಡು ದಿನದ ದುಡಿಮೆಯನ್ನೂ ಕಳೆದುಕೊಳ್ಳಬಾರದೆಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ಅಳತೆಗಳನ್ನು ಬಿಟ್ಟು ಹೊಲಿಗೆಯ ಬಗ್ಗೆ ಬರೆದರೆ ಯಾರಿಗೂ ಉಪಯೋಗವಿಲ್ಲವಾದ್ದರಿಂದ ಕತ್ತರಿ ಹಾಕದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಕಡೆ. ಮದುವೆಯಾಗಿ ಶಿರಸಿಗೆ ಬಂದು 22 ವರ್ಷಗಳಾದವು. ಹೊಲಿಗೆಯಿಂದಲೇ ಸಂಸಾರ ನಡೆಸಿದ್ದೇನೆ, ಈಗ ಹತ್ತು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಲೂ ಇದ್ದೇನೆ. ರಟ್ಟಿನ ಬುಟ್ಟಿಯ ಪಾಡು ನನಗೆ ಗೊತ್ತಾದದ್ದು ನನ್ನ ಕೈಯಿಂದಲೇ. ಪರಿಚಯದವರ ಮನೆಯ ಮದುವೆಗೆಂದು ರವಿಕೆಗೆ ಬಳಸುವ ಖಣದ ಬಟ್ಟೆಯ ಹೊದಿಕೆ ಹಾಕಿ ಹನ್ನೆರಡು ಬುಟ್ಟಿಗಳನ್ನು ಹೊಲಿದುಕೊಟ್ಟಿದ್ದೆ. ಒಳಗೆ ಇಟ್ಟದ್ದು ಸೀರೆ ಅಂಗಡಿಯ ಪೆಟ್ಟಿಗೆಗಳಿಂದ ಕತ್ತರಿಸಿದ ರಟ್ಟು. ಏಪ್ರಿಲ್ ತಿಂಗಳಿನಲ್ಲಿ ನೋಡಿದವರೆಲ್ಲ ಹೊಗಳಿದರು. ಆಗಸ್ಟಿನಲ್ಲಿ ಆ ಮನೆಯ ಅಕ್ಕ ಒಂದು ಬುಟ್ಟಿಯನ್ನು ಹಿಡಿದುಕೊಂಡು ಬಂದು ನನ್ನ ಮಷೀನಿನ ಮೇಲೆ ಇಟ್ಟರು. ಅದರ ಒಂದು ಗೋಡೆ ನೆನೆದ ರೊಟ್ಟಿಯಂತೆ ಒಳಕ್ಕೆ ಬಾಗಿತ್ತು. ಖಣದ ಕೆಂಪಿನ ಮೇಲೆ ಬೂಸ್ಟಿನ ಬಿಳಿ ಚುಕ್ಕೆಗಳೆದ್ದಿದ್ದವು. ಹೊಲಿಗೆ ಬಿಚ್ಚಿದರೆ ಒಳಗಿನ ರಟ್ಟು ಪದರ ಪದರವಾಗಿ ಕಳಚಿ ಕೈಗೆ ಅಂಟಿತು, ಅದರ ಸಂದಿನಿಂದ ಸಣ್ಣ ಸಣ್ಣ ಹುಳುಗಳು ಹೊರಬಂದವು. ಅವರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ, "ಒಗೆಯೋಕೂ ಬರೋದಿಲ್ಲ, ಒಣಗಿಸೋಕೂ ಬರೋದಿಲ್ಲ, ಏನು ಮಾಡೋದು ಹೇಳಿ" ಎಂದಷ್ಟೇ ಕೇಳಿದರು. ಆ ಹನ್ನೆರಡನ್ನೂ ವಾಪಸು ತರಿಸಿಕೊಂಡು ಬೇರೆ ಹೊಲಿದುಕೊಟ್ಟೆ. ಬಟ್ಟೆಯಿಂದ ಮಾಡಿದ ವಸ್ತುವನ್ನು ಒಗೆಯಲು ಬರಬೇಕು. ನೀರು ಕಂಡರೆ ಹಾಳಾಗುವ ಬುಟ್ಟಿಗೆ ಬಟ್ಟೆ ಹೊದಿಸಿದರೂ ಅದು ರಟ್ಟಿನ ಪೆಟ್ಟಿಗೆಯೇ.

ರಟ್ಟನ್ನು ಬಿಟ್ಟವರು ಅದರ ಜಾಗದಲ್ಲಿ ಬಳಸುವುದು ಅಂಗಡಿಗಳಲ್ಲಿ ಕೊಡುವ, ಮುಟ್ಟಿದರೆ ಬಟ್ಟೆಯಂತೆ ಅನಿಸುವ ಬಣ್ಣದ ಚೀಲಗಳನ್ನು. 2016ರ ಮಾರ್ಚಿನಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ ಮೇಲೆ ಇಂಥ ಚೀಲಗಳು ಮನೆ ಮನೆಯಲ್ಲೂ ತುಂಬಿಕೊಂಡಿವೆ. ಇವನ್ನು ಬಟ್ಟೆ ಚೀಲವೆಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಇವುಗಳಲ್ಲಿ ಹಾಸೂ (ನೇಯ್ಗೆಯ ಉದ್ದದ ಎಳೆ) ಇಲ್ಲ, ಹೊಕ್ಕೂ (ಅಡ್ಡದ ಎಳೆ) ಇಲ್ಲ. ನೇಯದೆ ಒತ್ತಿ ಅಂಟಿಸಿದ ಪಾಲಿಪ್ರೊಪಿಲೀನ್ ಎಳೆಗಳ ಹಾಳೆಗಳಿವು, ಅಂದರೆ ಇವೂ ಪ್ಲಾಸ್ಟಿಕ್ಕೇ. ಕೇಂದ್ರ ಸರ್ಕಾರದ ನಿಯಮವೂ ಇವನ್ನು ಪ್ಲಾಸ್ಟಿಕ್ ಚೀಲಗಳ ಸಾಲಿನಲ್ಲೇ ಇಟ್ಟು, 2021ರ ಸೆಪ್ಟೆಂಬರ್ 30ರಿಂದ ಚದರ ಮೀಟರಿಗೆ 60 ಗ್ರಾಮಿಗಿಂತ ಕಡಿಮೆ ತೂಗುವಂಥವನ್ನು ಬಳಸಬಾರದೆಂದು ಹೇಳಿದೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಹತ್ತಿ ಬಟ್ಟೆಗೆಂದು ಇಸ್ತ್ರಿ ಪೆಟ್ಟಿಗೆ ಬಿಸಿಯೇರುವುದು 200ರ ಆಸುಪಾಸಿಗೆ. ಬುಟ್ಟಿ ಹೊಲಿದು ಮುಗಿಸಿ ಕೊನೆಯಲ್ಲಿ ಮಡಿಕೆ ಕೂರಿಸಲೆಂದು ಇಸ್ತ್ರಿ ಒತ್ತಿದರೆ ಒಳಗಿನ ಹಾಳೆ ಮುದುಡಿ, ಮೇಲಿನ ಸೀರೆ ಬಟ್ಟೆಯನ್ನೂ ಎಳೆದುಕೊಂಡು ಸುಕ್ಕಾಗಿಬಿಡುತ್ತದೆ. ಕಲಿಯಲು ಬರುವ ಹುಡುಗಿಯರಲ್ಲಿ ಒಬ್ಬರಾದರೂ ಪ್ರತಿ ವರ್ಷ ಹೀಗೆ ಒಂದು ಬುಟ್ಟಿಯನ್ನು ಕಳೆದುಕೊಂಡು ಕಣ್ಣೀರು ಹಾಕುವುದನ್ನು ನಾನು ನೋಡುತ್ತಿದ್ದೇನೆ.

ಬಟ್ಟೆಯನ್ನು ಬಿರುಸು ಮಾಡಲು ಒಳಗಿಡುವುದಕ್ಕೆ ಪೇಟೆಯಲ್ಲಿ ಸಿಗುವ ಬಕ್ರಂ, ಕಾಲರಿನ ಕ್ಯಾನ್ವಾಸ್, ಇಸ್ತ್ರಿಯಿಂದ ಅಂಟುವ ಪೇಸ್ಟಿಂಗ್ ಇವುಗಳಲ್ಲಿ ತಪ್ಪೇನೂ ಇಲ್ಲ. ಬಕ್ರಂ ಮಾತ್ರ ಗಂಜಿಯ ಬಲದಿಂದ ನಿಂತಿರುವ ಬಟ್ಟೆಯಾಗಿದ್ದರೆ ಎರಡು ಒಗೆತಕ್ಕೆ ಮೆತ್ತಗಾಗುತ್ತದೆ. ಕ್ಯಾನ್ವಾಸ್ ಗಟ್ಟಿಯಾದರೂ ಕಾಸು ಕೊಟ್ಟು ತರಬೇಕು. ನಾನು ಹೇಳಬೇಕೆಂದಿರುವುದು ಇವೆಲ್ಲಕ್ಕಿಂತ ಹಳೆಯದಾದ, ಖರ್ಚೇ ಇಲ್ಲದ ದಾರಿಯನ್ನು. ಆ ದಾರಿ ಕೌದಿಯದು.

ಉತ್ತರ ಕರ್ನಾಟಕದವರಿಗೆ ಕೌದಿಯ ಪರಿಚಯ ಹೇಳಬೇಕಾಗಿಲ್ಲ. ಸವೆದ ಸೀರೆ, ಧೋತರ, ಅಂಗಿಗಳನ್ನು ಒಂದರ ಮೇಲೊಂದು ಹಾಸಿ, ಕೈಯಿಂದ ಸಾಲು ಸಾಲಾಗಿ ಹೊಲಿಗೆ ಹಾಕಿದಾಗ ಆಗುವ ಹೊದಿಕೆ ಅದು. ನಮ್ಮ ಅವ್ವ ಬೇಸಿಗೆಯಲ್ಲಿ ಪಡಸಾಲೆಯ ನೆಲದ ಮೇಲೆ ಬಟ್ಟೆ ಹಾಸಿ, ನಾಲ್ಕೂ ಮೂಲೆಗೆ ನಾಲ್ಕು ಕಲ್ಲು ಇಟ್ಟು, ಅಂಚಿನಿಂದ ಹೊಲಿಯುತ್ತ ಬರುತ್ತಿದ್ದಳು. ಒಂದೊಂದೇ ಪದರವನ್ನು ಮುಟ್ಟಿದರೆ ಬೆರಳು ಕಾಣುವಷ್ಟು ತೆಳುವಾದ, ಎಳೆದರೆ ಹರಿಯುವಂಥ ಬಟ್ಟೆ. ಅದೇ ನಾಲ್ಕು ಪದರಗಳು ಒತ್ತೊತ್ತಾದ ಹೊಲಿಗೆಯಲ್ಲಿ ಒಂದಾದ ಮೇಲೆ ಒಣಗಿದ ಚರ್ಮದಂತೆ ಬಿರುಸಾಗುತ್ತಿದ್ದವು. ಹೊಸ ಕೌದಿಯನ್ನು ಸುತ್ತಿ ಮೂಲೆಯಲ್ಲಿ ನಿಲ್ಲಿಸಿದರೆ ಅದು ಗೋಡೆಯ ಆಸರೆಯಿಲ್ಲದೆ ನಿಲ್ಲುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪದರಗಳು ಒಂದರ ಮೇಲೊಂದು ಜಾರುವುದಕ್ಕೆ ಹೊಲಿಗೆ ಬಿಡುವುದಿಲ್ಲ. ಜಾರಲು ಆಗದ ಪದರಗಳು ಸುಲಭಕ್ಕೆ ಬಾಗುವುದೂ ಇಲ್ಲ. ಗಟ್ಟಿತನ ಬರುವುದು ಅಲ್ಲಿಂದ. ಮದುವೆಯ ಆ ಬುಟ್ಟಿಗಳನ್ನು ಎರಡನೆಯ ಸಲ ಹೊಲಿಯಲು ಕುಳಿತಾಗ ನನಗೆ ನೆನಪಾದದ್ದು ಮೂಲೆಯಲ್ಲಿ ನಿಂತ ಅವ್ವನ ಕೌದಿಯೇ.

ಶಿರಸಿಗೆ ಹತ್ತಿರದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಹೆಂಗಸರೂ ಕೌದಿ ಹೊಲಿಯುತ್ತಾರೆ. ಅವರದು ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಸಾಗುವ ಹೊಲಿಗೆ. ನಾಲ್ಕೂ ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ 'ಫೂಲ'ಗಳನ್ನು ಕೂರಿಸದೆ ಅವರು ಕೌದಿ ಮುಗಿಯಿತೆನ್ನುವುದಿಲ್ಲ. ಅವರಿಗೆ ಅದು ಅಂದ, ಮನೆತನದ ಸಂಪ್ರದಾಯ. ನನ್ನಂಥ ಹೊಲಿಗೆಯವಳ ಕಣ್ಣಿಗೆ ಇನ್ನೊಂದೂ ಕಾಣುತ್ತದೆ. ಬಟ್ಟೆ ಮೊದಲು ಸವೆಯುವುದು ಮೂಲೆಯಲ್ಲಿ, ಅಲ್ಲಿ ಒಂದೆರಡು ಪದರ ಹೆಚ್ಚಿದ್ದರೆ ಬಾಳಿಕೆ ಹೆಚ್ಚು. ಬುಟ್ಟಿಯ ತಳದ ನಾಲ್ಕು ಮೂಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ಹೊಲಿಗೆಯ ವಿಷಯಕ್ಕೆ ಬರುತ್ತೇನೆ. ತಳ ಹತ್ತು ಇಂಚು ಉದ್ದ, ಎಂಟು ಇಂಚು ಅಗಲ, ಎತ್ತರ ಒಂಬತ್ತು ಇಂಚು ಇರುವ ಬುಟ್ಟಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಗುವಿನ ಬಟ್ಟೆ, ಆಟಿಕೆ, ಮನೆಯ ಕಾಗದಪತ್ರ, ಹೊಲಿಗೆಯ ಸಾಮಾನು ಇವುಗಳಿಗೆ ಈ ಅಳತೆ ಸಾಕು. ಹೊರಗಿನ ಬಟ್ಟೆ, ಅದರ ಹಿಂದೆ ಹಳೆಯ ಹತ್ತಿ ಸೀರೆಯ ನಾಲ್ಕು ಪದರ, ಒಳಭಾಗಕ್ಕೆ ಬೇರೆಯಾಗಿ ಹೊಲಿಯುವ ಅಸ್ತರ, ಇಷ್ಟೇ ಸಾಮಗ್ರಿ. ಹೊರಗಿನದು ಹೊಸ ಕೋರಾ ಬಟ್ಟೆಯಾದರೆ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕು. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಆದರೆ ಹಲವು ವರ್ಷ ಒಗೆಸಿಕೊಂಡ ಸೀರೆ ಕುಗ್ಗುವುದಿಲ್ಲ. ಈ ಎರಡನ್ನೂ ನೆನೆಹಾಕದೆ ಕೂಡಿಸಿ ಹೊಲಿದರೆ ಒಗೆದ ದಿನವೇ ಬುಟ್ಟಿಯ ಗೋಡೆ ಉಬ್ಬುತ್ತದೆ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಒಳಪದರಕ್ಕೆ ಬೇಡ, ಅವು ಹೊಲಿಗೆಯ ಕೆಳಗೆ ಜಾರುತ್ತವೆ. ಇಳಕಲ್ ಸೀರೆಯ ಹತ್ತಿಯ ಒಡಲು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಮತ್ತೊಂದಿಲ್ಲ.

ಹೆಚ್ಚಿನವರು ಮುಂದಿನ ಗೋಡೆಗೊಂದು, ಹಿಂದಿನ ಗೋಡೆಗೊಂದು ಎಂದು ಎರಡು ತುಂಡು ಕತ್ತರಿಸಿ ತಳದಲ್ಲಿ ಕೂಡಿಸುತ್ತಾರೆ. ಹಾಗೆ ಮಾಡಿದರೆ ಹತ್ತು ಪದರಗಳ ದಪ್ಪ ಹೊಲಿಗೆಯೊಂದು ತಳದ ನಡುವೆಯೇ ಬಂದು, ನೆಲದ ಮೇಲೆ ಇಟ್ಟಾಗ ಬುಟ್ಟಿ ಅತ್ತಿತ್ತ ಓಲಾಡುತ್ತದೆ, ಭಾರ ಬೀಳುವ ಜಾಗವೂ ಅದೇ ಆಗಿರುತ್ತದೆ. ಬಿದಿರಿನ ಬುಟ್ಟಿ ಹೆಣೆಯುವ ಮೇದಾರರ ಕೆಲಸವನ್ನು ಹತ್ತಿರ ಕುಳಿತು ನೋಡಿದವರಿಗೆ ಇದರ ಪರಿಹಾರ ತಾನಾಗಿಯೇ ಹೊಳೆಯುತ್ತದೆ. ಅವರು ಉದ್ದನೆಯ ಸೀಳುಗಳನ್ನು ನೆಲದ ಮೇಲೆ ಅಡ್ಡಡ್ಡ ಇಟ್ಟು ಮೊದಲು ತಳ ಮಾಡಿಕೊಳ್ಳುತ್ತಾರೆ, ಆಮೇಲೆ ಅದೇ ಸೀಳುಗಳನ್ನು ಮೇಲಕ್ಕೆ ಬಾಗಿಸಿ ಗೋಡೆ ಎಬ್ಬಿಸುತ್ತಾರೆ. ತಳವೂ ಗೋಡೆಯೂ ಅಲ್ಲಿ ಬೇರೆ ಬೇರೆಯಲ್ಲ. ಬಟ್ಟೆಯಲ್ಲಿಯೂ ಹಾಗೆಯೇ ಮಾಡಬೇಕು. ಒಂದೇ ತುಂಡು, 19 ಇಂಚು ಅಗಲ, 26 ಇಂಚು ಉದ್ದ. ಬಟ್ಟೆಯ ಹಾಸು ಆ 26 ಇಂಚಿನ ಉದ್ದಕ್ಕೆ ಓಡಬೇಕು. ಆಗ ಒಂದೊಂದು ಹಾಸಿನ ಎಳೆಯೂ ಬುಟ್ಟಿಯ ಈ ಕಡೆಯ ಬಾಯಿಯಿಂದ ಹೊರಟು, ತಳದ ಅಡಿಯಿಂದ ಹಾದು, ಆ ಕಡೆಯ ಬಾಯಿಯನ್ನು ಮುಟ್ಟುತ್ತದೆ. ಎತ್ತಿದಾಗ ಭಾರ ಹೊರುವುದು ಹೊಲಿಗೆಯಲ್ಲ, ಈ ಎಳೆಗಳು.

ಆದರೆ ಮೊದಲೇ 19ಕ್ಕೆ 26 ಎಂದು ಕತ್ತರಿಸಬಾರದು. ಪದರಗಳನ್ನು ಕೂಡಿಸಿ ಸಾಲು ಹೊಲಿಗೆ ಹಾಕುವಾಗ ಬಟ್ಟೆ ಎರಡೂ ಕಡೆಯಿಂದ ಒಳಸೇರುತ್ತದೆ. ಆದ್ದರಿಂದ ಐದೂ ಪದರಗಳನ್ನು 20 ಇಂಚಿಗೆ 27 ಇಂಚು ಇಟ್ಟುಕೊಂಡು, ನಡುವಿನಿಂದ ಹೊರಕ್ಕೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಮಷೀನಿನಲ್ಲಿ ಅರ್ಧ ಅರ್ಧ ಇಂಚಿಗೆ ಒಂದರಂತೆ ಸಾಲು ಹೊಲಿದು, ಕಚ್ಚಾ ದಾರ ಕಿತ್ತು, ಕೊನೆಗೆ ಟೇಪು ಹಿಡಿದು ಸರಿಯಾದ ಅಳತೆಗೆ ಕತ್ತರಿಸಬೇಕು. ಮೊದಲು ಹೊಲಿಗೆ, ಆಮೇಲೆ ಕತ್ತರಿ ಎಂಬ ಈ ಕ್ರಮ ರವಿಕೆ ಹೊಲಿದು ರೂಢಿಯಾದ ಕೈಗಳಿಗೆ ತಲೆಕೆಳಗಾಗಿ ಕಾಣಬಹುದು. ಒಂದು ಸಲ ಮಾಡಿ ನೋಡಿದರೆ ಕಾರಣ ತಿಳಿಯುತ್ತದೆ. ಸಾಲುಗಳು 26 ಇಂಚಿನ ಉದ್ದಕ್ಕೇ ಇರಬೇಕು, ಅಡ್ಡಕ್ಕೆ ಬೇಡ. ಹೊಲಿಗೆಯ ಗೆರೆ ಇರುವಲ್ಲಿ ಬಟ್ಟೆ ಮಡಚಿಕೊಳ್ಳಲು ಬಯಸುತ್ತದೆ. ಅಡ್ಡ ಗೆರೆಗಳಿದ್ದರೆ ಗೋಡೆ ಆ ಗೆರೆಗಳಲ್ಲೇ ಮಡಚಿ ಕುಸಿಯುತ್ತದೆ, ನೆಟ್ಟನೆಯ ಗೆರೆಗಳಿದ್ದರೆ ಅವೇ ಗೋಡೆಗೆ ಊರುಗೋಲಾಗುತ್ತವೆ.

ಈಗ ಮೂಲೆ. ಬಹಳ ಜನ ತಪ್ಪುವುದು ಇಲ್ಲಿಯೇ ಆದ್ದರಿಂದ ತುಸು ನಿಧಾನವಾಗಿ ಹೇಳುತ್ತೇನೆ. ಬಟ್ಟೆಯನ್ನು ಉದ್ದದಲ್ಲಿ ಸರಿಯಾಗಿ ನಡುವೆ ಮಡಚಿದರೆ 19ಕ್ಕೆ 13 ಇಂಚು ಆಗುತ್ತದೆ. ಮಡಿಕೆಯ ಎರಡೂ ಕೊನೆಗಳಲ್ಲಿ ಒಂದೊಂದು ಚೌಕವನ್ನು ಕತ್ತರಿಸಿ ತೆಗೆಯಬೇಕು. ತಳದ ಅಗಲ ಎಂಟು ಇಂಚು, ಅದರ ಅರ್ಧ ನಾಲ್ಕು, ಆದ್ದರಿಂದ ನಾಲ್ಕಕ್ಕೆ ನಾಲ್ಕು ಎಂದು ಎಲ್ಲರೂ ಕತ್ತರಿ ಹಾಕಿಬಿಡುತ್ತಾರೆ. ತಮ್ಮ ಪುರವಣಿಯ ಚಿತ್ರದಲ್ಲಿಯೂ ಹಾಗೆಯೇ ತೋರಿಸಿತ್ತು. ಎರಡು ತುಂಡುಗಳನ್ನು ತಳದಲ್ಲಿ ಕೂಡಿಸಿ ಹೊಲಿಯುವ ಬುಟ್ಟಿಗೆ ಆ ಅಳತೆ ಸರಿ, ಏಕೆಂದರೆ ಅಲ್ಲಿ ತಳದ ಹೊಲಿಗೆಗೂ ಅರ್ಧ ಇಂಚು ಮಾರ್ಜಿನ್ (ಹೊಲಿಗೆಯ ಗೆರೆಯಾಚೆ ಬಿಡುವ ಬಟ್ಟೆ) ಹೋಗುತ್ತದೆ. ಒಂದೇ ತುಂಡಿನ ಬುಟ್ಟಿಯಲ್ಲಿ ತಳಕ್ಕೆ ಹೊಲಿಗೆಯೇ ಇಲ್ಲ. ಆದ್ದರಿಂದ ಇಲ್ಲಿ ಪಕ್ಕದ ಅಂಚಿನಿಂದ ಒಳಕ್ಕೆ ನಾಲ್ಕು ಇಂಚು, ಮಡಿಕೆಯಿಂದ ಮೇಲಕ್ಕೆ ಮೂರೂವರೆ ಇಂಚು ಮಾತ್ರ ಕತ್ತರಿಸಬೇಕು. ಮಡಿಕೆ ಬಿಡಿಸಿ ಹಾಸಿದರೆ ಎರಡೂ ಪಕ್ಕದ ನಡುವೆ ನಾಲ್ಕು ಇಂಚು ಆಳದ, ಏಳು ಇಂಚು ಉದ್ದದ ಕಚ್ಚು ಕಾಣುತ್ತದೆ. ಎಂಟು ಅಲ್ಲ, ಏಳು. ಎಂಟು ಮಾಡಿದವರಿಗೆ ಮೂಲೆ ಕೂಡಿಸುವಾಗ ಒಂದು ಅಂಚು ಇನ್ನೊಂದಕ್ಕಿಂತ ಒಂದು ಇಂಚು ಉದ್ದವಾಗಿ ಬಂದು, ಅದನ್ನು ಹೇಗೋ ಎಳೆದು ಹೊಲಿದ ಮೇಲೆ ಬುಟ್ಟಿಯ ನಾಲ್ಕೂ ಮೂಲೆಗಳಲ್ಲಿ ನೆರಿಗೆ ಬೀಳುತ್ತದೆ.

ಕಚ್ಚು ತೆಗೆದ ಮೇಲೆ ಹೊರಗೆ ಕಾಣಬೇಕಾದ ಮಗ್ಗುಲು ಒಳಗಾಗುವಂತೆ ಮಡಚಿ ಎರಡೂ ಪಕ್ಕಗಳನ್ನು ಅರ್ಧ ಇಂಚಿನ ಮಾರ್ಜಿನಿನಲ್ಲಿ ಹೊಲಿಯಬೇಕು. ಆಮೇಲೆ ಮಾರ್ಜಿನ್ ಬಿಡಿಸಿ, ಅದರೊಳಗಿನ ಸೀರೆಯ ನಾಲ್ಕು ಪದರಗಳಲ್ಲಿ ಎರಡನ್ನು ಹೊಲಿಗೆಯ ಹತ್ತಿರದವರೆಗೆ ಸಣ್ಣ ಕತ್ತರಿಯಿಂದ ಕತ್ತರಿಸಿ ತೆಗೆದುಬಿಡಬೇಕು. ಇಲ್ಲವಾದರೆ ಮೂಲೆಗೆ ಬಂದಾಗ ಸೂಜಿಯ ಕೆಳಗೆ ಹದಿನೈದು ಪದರಗಳು ಒಟ್ಟಾಗುತ್ತವೆ, ಯಾವ ಮನೆಯ ಮಷೀನೂ ಅದನ್ನು ಸಹಿಸುವುದಿಲ್ಲ. ಬಳಿಕ ಪಕ್ಕದ ಹೊಲಿಗೆ ಕಚ್ಚಿನ ಏಳು ಇಂಚಿನ ಸರಿಯಾಗಿ ನಡುವೆ ಬರುವಂತೆ ಹಿಡಿದು ಮೂಲೆಯನ್ನು ಅಡ್ಡಕ್ಕೆ ಹೊಲಿಯಬೇಕು. ಇಲ್ಲಿ ಎರಡು ಸಲ ಹೊಲಿಗೆ ಹಾಕಿ, ಕೊನೆಗಳಲ್ಲಿ ಹಿಂದೆ ಮುಂದೆ ಓಡಿಸಿ ಭದ್ರ ಮಾಡಬೇಕು. ಸಿದ್ದಿ ಹೆಂಗಸರ ಫೂಲವನ್ನು ನೆನೆದು ನಾನು ಇದೇ ಹಂತದಲ್ಲಿ ಮೂಲೆಯ ಹೊರಗೆ ತ್ರಿಕೋನದ ಜೀನ್ಸ್ ತುಂಡೊಂದನ್ನು ಕೂರಿಸುತ್ತೇನೆ. ಅದು ಕಡ್ಡಾಯವೇನೂ ಅಲ್ಲ.

ಇಷ್ಟು ದಪ್ಪವನ್ನು ಹೊಲಿಯುವಾಗ 16ನೇ ನಂಬರಿನ ಸೂಜಿ ಬೇಕು, ಜೀನ್ಸ್ ಇದ್ದರೆ 18ನೆಯದು. ರವಿಕೆಗೆ ಹಾಕಿದ 11 ಅಥವಾ 14ರ ಸೂಜಿಯಲ್ಲೇ ಹೊಲಿಯಲು ಹೋಗಿ ಸೂಜಿ ಮುರಿದು ಕಣ್ಣಿನ ಹತ್ತಿರ ಸಿಡಿದ ಪ್ರಸಂಗಗಳನ್ನು ನಾನು ಕಂಡಿದ್ದೇನೆ. ಹೊಲಿಗೆಯನ್ನು ತುಸು ದೊಡ್ಡದಾಗಿ ಇಟ್ಟುಕೊಳ್ಳಬೇಕು, ಇಂಚಿಗೆ ಎಂಟರಷ್ಟು. ದಪ್ಪ ಜಾಗ ಬಂದಾಗ ಪೆಡಲನ್ನು ಬಿಟ್ಟು ಕೈಯಿಂದ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ದಾಟಿಸಬೇಕು. ಅದಕ್ಕೂ ಮೊದಲು ಆ ಜಾಗವನ್ನು ಮರದ ಕೊಡತಿಯಿಂದ ನಾಲ್ಕು ಪೆಟ್ಟು ಬಡಿದರೆ ಪದರಗಳು ಕುಳಿತು ಸೂಜಿಗೆ ಹಾದಿಯಾಗುತ್ತದೆ. ಮೋಟರಿನ ಮಷೀನಿಗಿಂತ ಹಳೆಯ ಕಾಲು ಮಷೀನು ಈ ಕೆಲಸಕ್ಕೆ ಹೆಚ್ಚು ವಿಧೇಯವಾಗಿರುತ್ತದೆ ಎಂಬುದು ನನ್ನ ಅನುಭವ.

ಅಸ್ತರವನ್ನೂ ಇದೇ ಅಳತೆಗೆ ಕತ್ತರಿಸಿ ಇದೇ ಕ್ರಮದಲ್ಲಿ ಹೊಲಿಯಬೇಕು. ಮಾರ್ಜಿನನ್ನು ಮಾತ್ರ ಇಂಚಿನ ಎಂಟನೇ ಒಂದು ಪಾಲಿನಷ್ಟು ಹೆಚ್ಚು ತೆಗೆದುಕೊಳ್ಳಬೇಕು. ಒಳಗೆ ಕೂರುವ ಬುಟ್ಟಿ ಹೊರಗಿನದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿರದಿದ್ದರೆ ಅಸ್ತರ ಒಳಗೆ ಜೋತುಬಿದ್ದು ಗುಪ್ಪೆಯಾಗುತ್ತದೆ.

ಉಳಿದದ್ದು ಬಾಯಿ. ಬುಟ್ಟಿಯ ಬಲವೆಲ್ಲ ಬಾಯಿಯಲ್ಲಿದೆ ಎಂದು ನಾನು ನಂಬಿದ್ದೇನೆ. ಬಿದಿರಿನ ಬುಟ್ಟಿಯಲ್ಲಿಯೂ ಬಾಯಿಕಟ್ಟು ಬಿಚ್ಚಿದರೆ ಎಷ್ಟು ಒತ್ತಾಗಿ ಹೆಣೆದ ಗೋಡೆಯೂ ಸಡಿಲಾಗುತ್ತದೆ. ಸಾಮಾನ್ಯವಾಗಿ ಹೊರಗಿನದನ್ನೂ ಅಸ್ತರವನ್ನೂ ಬಾಯಿಯಲ್ಲಿ ಕೂಡಿಸಿ, ಅಸ್ತರದ ತಳದಲ್ಲಿ ಬಿಟ್ಟ ಸಂದಿನಿಂದ ಇಡೀ ಬುಟ್ಟಿಯನ್ನು ಮಗುಚಿ ಹೊರತೆಗೆಯುವುದನ್ನು ಕಲಿಸುತ್ತಾರೆ. ಮೆತ್ತನೆಯ ಚೀಲಕ್ಕೆ ಅದು ಸರಿಯಾದ ಕ್ರಮವೇ. ಆದರೆ ಇಷ್ಟು ಶ್ರಮಪಟ್ಟು ಬಿರುಸು ಮಾಡಿದ ಗೋಡೆಗಳನ್ನು ಸಣ್ಣ ಸಂದಿನೊಳಗೆ ಮುದುರಿ ತೂರಿಸಿದರೆ ಆದ ಗೆರೆಗಳು ಇಸ್ತ್ರಿಗೂ ಹೋಗುವುದಿಲ್ಲ. ಅದರ ಬದಲು ಅಸ್ತರವನ್ನು ಹೊರಬುಟ್ಟಿಯೊಳಗೆ ನೇರವಾಗಿ ಕೂರಿಸಿ, ಎರಡರ ಬಾಯನ್ನೂ ಸೇರಿಸಿ ಮೇಲಿನಿಂದ ಪಟ್ಟಿ ಹೊಲಿಯಬೇಕು. ಬಾಯಿಯ ಸುತ್ತಳತೆ 36 ಇಂಚು ಆಗುವುದರಿಂದ 37 ಇಂಚು ಉದ್ದ, ನಾಲ್ಕು ಇಂಚು ಅಗಲದ ಪಟ್ಟಿ ಸಾಕು. ಅಂಚುಗಳನ್ನು ಅರ್ಧ ಅರ್ಧ ಇಂಚು ಒಳಮಡಚಿ ಹೊಲಿದರೆ ಒಳಗೂ ಹೊರಗೂ ಒಂದೂವರೆ ಇಂಚಿನ ಪಟ್ಟಿ ಕಾಣುತ್ತದೆ. ಪೈಪಿಂಗಿಗೆ ಕತ್ತರಿಸುವಂತೆ ಇದನ್ನು ಓರೆಯಾಗಿ ಕತ್ತರಿಸಬಾರದು. ಓರೆ ಪಟ್ಟಿ ಹಿಗ್ಗುತ್ತದೆ, ಬುಟ್ಟಿಯ ಬಾಯಿ ಹಿಗ್ಗಬಾರದು. ಸೀರೆಯ ದಡಿ (ಅಂಚು) ಇದಕ್ಕೆ ಹೇಳಿ ಮಾಡಿಸಿದ್ದು. ದಡಿಯಲ್ಲಿ ಹಾಸಿನ ಎಳೆಗಳು ಒಡಲಿಗಿಂತ ಒತ್ತಾಗಿರುತ್ತವೆ, ಒಡಲು ಹರಿದು ಚಿಂದಿಯಾದ ಸೀರೆಯಲ್ಲೂ ದಡಿ ಗಟ್ಟಿಯಾಗಿ ಉಳಿದಿರುತ್ತದೆ. ಹಿಡಿಕೆ ಬೇಕಾದರೆ ಅದೇ ದಡಿಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದು, ಕೊನೆಗಳನ್ನು ಬಾಯಿಪಟ್ಟಿಯ ಕೆಳಗೆ ಎರಡು ಇಂಚಾದರೂ ಇಳಿಸಿ, ಚೌಕವಾಗಿ ಹೊಲಿದು ಅದರೊಳಗೆ ಅಡ್ಡಗೆರೆ ಹೊಲಿಗೆ ಹಾಕಿ ಭದ್ರಪಡಿಸಬೇಕು.

ಹೀಗೆ ಹೊಲಿದ ಬುಟ್ಟಿ ರಟ್ಟಿನ ಬುಟ್ಟಿಯಷ್ಟು ಚೂಪಾದ ಮೂಲೆಗಳನ್ನು ಕೊಡುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಫೋಟೋದಲ್ಲಿ ರಟ್ಟಿನದೇ ಚೆನ್ನಾಗಿ ಕಾಣಬಹುದು. ಆದರೆ ಇದು ಖಾಲಿಯಿದ್ದಾಗಲೂ ನಿಲ್ಲುತ್ತದೆ, ಮಡಚಿ ಪೆಟ್ಟಿಗೆಯಲ್ಲಿ ಇಡಬಹುದು, ಕೊಳೆಯಾದರೆ ಕಲ್ಲಿನ ಮೇಲೆ ಉಜ್ಜಿ ಒಗೆದು ಬಿಸಿಲಿಗೆ ಬೋರಲು ಹಾಕಬಹುದು. ಗಟ್ಟಿತನ ಸಾಲದೆನಿಸಿದರೆ ಅಕ್ಕಿಗಂಜಿಯಲ್ಲಿ ಅದ್ದಿ ತೆಗೆದು, ಒಳಗೊಂದು ಡಬ್ಬಿ ಇಟ್ಟು ಒಣಗಿಸಬಹುದು. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಗಂಜಿ ಬೇಡ, ಅದಕ್ಕೂ ಬೂಸ್ಟು ಬರುತ್ತದೆ.

ಈ ವಿಷಯವನ್ನು ಪತ್ರಿಕೆಯ ಮೂಲಕವೇ ಹೇಳಬೇಕೆನಿಸಲು ಇನ್ನೊಂದು ಕಾರಣವಿದೆ. ಸರ್ಕಾರದ ಬೇರೆ ಬೇರೆ ಯೋಜನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರಗಳು ಸಿಗುತ್ತಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ದೇಶದುದ್ದಕ್ಕೂ ಸ್ವಉದ್ಯೋಗ ತರಬೇತಿ ನಡೆಯುತ್ತಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದೆ, ಬುಟ್ಟಿ, ಚಾಪೆ ಹೆಣೆಯುವ ಕಸುಬೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ನೆರವು ಕೊಡುತ್ತಾರೆ. ಇವೆಲ್ಲ ಸ್ವಾಗತಾರ್ಹ. ಆದರೆ ನನ್ನ ಬಳಿಗೆ ಬರುವ ಹೆಣ್ಣುಮಕ್ಕಳು ಕಲಿತು ಬಂದಿರುವುದು ಬಹುಮಟ್ಟಿಗೆ ರವಿಕೆ, ಚೂಡಿದಾರ್, ಲಂಗ ಇಷ್ಟನ್ನೇ. ಒಂದೇ ಬೀದಿಯಲ್ಲಿ ನಾಲ್ವರು ರವಿಕೆ ಹೊಲಿಯುವವರಾದಾಗ ಹಬ್ಬ, ಮದುವೆಯ ದಿನಗಳನ್ನು ಬಿಟ್ಟರೆ ಯಾರಿಗೂ ಕೈತುಂಬ ಕೆಲಸವಿರುವುದಿಲ್ಲ. ಬುಟ್ಟಿಗೆ ಮೈಯಳತೆ ಬೇಕಿಲ್ಲ, ಬಿಗಿಯಾಯಿತು ಸಡಿಲಾಯಿತು ಎಂಬ ದೂರಿಲ್ಲ, ಕೆಲಸವಿಲ್ಲದ ಆಷಾಢದಲ್ಲಿ ಹೊಲಿದಿಟ್ಟು ಶ್ರಾವಣದಲ್ಲಿ ಮಾರಬಹುದು. ತರಬೇತಿ ನಡೆಸುವವರು ಒಂದು ತಿಂಗಳ ಪಾಠದಲ್ಲಿ ಎರಡೇ ದಿನವನ್ನು ಇದಕ್ಕೆ ಮೀಸಲಿಟ್ಟು, ಕೌದಿ ಹೊಲಿಯಬಲ್ಲ ಊರಿನ ಹಿರಿಯ ಹೆಂಗಸೊಬ್ಬರನ್ನು ಕರೆಸಿ ಕೂರಿಸಿದರೆ ಸಾಕು. ಹಾಗೆ ಬಂದವರಿಗೂ ಗುರುವಿನ ಗೌರವಧನ ಸಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬೆಲೆಯ ಬಗ್ಗೆಯೂ ಒಂದು ಮಾತು. ಈ ಬುಟ್ಟಿಯೊಂದಕ್ಕೆ ನನಗೆ ಮೂರು ಗಂಟೆ ಹಿಡಿಯುತ್ತದೆ, ಹೊಸಬರಿಗೆ ಒಂದು ದಿನ. ಹಳೆಯ ಬಟ್ಟೆಯಿಂದ ಮಾಡಿದ್ದು ತಾನೇ ಎಂದು ಚೌಕಾಸಿ ಮಾಡುವವರು ಬಟ್ಟೆಗೆ ಕೊಡದಿದ್ದರೂ ಚಿಂತೆಯಿಲ್ಲ, ಆ ಗಂಟೆಗಳಿಗೆ ಕೊಡಬೇಕು.

ಕೊನೆಯದಾಗಿ ತಮ್ಮಲ್ಲಿ ಎರಡು ವಿನಂತಿಗಳು. ರಟ್ಟು ಇಡುವ ಸಲಹೆಯನ್ನು ಮುಂದಿನ ಪುರವಣಿಯಲ್ಲಿ ತಿದ್ದಬೇಕು. ಇನ್ನೊಂದು, 19ಕ್ಕೆ 26ರ ಆ ತುಂಡಿನ ನಕ್ಷೆಯನ್ನು ಕಚ್ಚಿನ ಅಳತೆಗಳೊಂದಿಗೆ ಓದುಗರಿಗಾಗಿ ಮುದ್ರಿಸಿಕೊಡಬೇಕು. ಖಾಕಿ ಕಾಗದದ ಮೇಲೆ ಬರೆದ ನಕ್ಷೆಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಏಳು ಇಂಚು ಎಂದು ಬರೆದಿರುವಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದಿದ್ದೇನೆ. ಅಚ್ಚಿಗೆ ಹೋಗುವಾಗ ಆ ಅಂಕೆ ಎಂಟಾಗದಂತೆ ದಯವಿಟ್ಟು ನೋಡಿಕೊಳ್ಳಬೇಕು.

ಇಂತಿ ತಮ್ಮ ವಿಶ್ವಾಸಿ,
ಹೊಲಿಗೆ ಶಿಕ್ಷಕಿ, ಶಿರಸಿ